ಡ್ಯಾಶ್‌ಬೋರ್ಡಿನ ಸವತಿ

ಹೊಸ ಟಚ್‌ಪ್ಯಾಡ್ ಕಂಟ್ರೋಲರ್ ಚಿಪ್ಪಿಗೆ ಮೂವತ್ತೆಂಟು ಸಾವಿರ. ಡ್ಯಾಶ್‌ಬೋರ್ಡು ಬಿಚ್ಚಿ ಕೂರಿಸುವ ಕೂಲಿ ನಾಲ್ಕು ಸಾವಿರ. ಆ ಚಿಪ್ಪನ್ನು ಇದೇ ಕಾರಿನದು ಎಂದು ಕಂಪನಿಯವರು ಒಪ್ಪಿಸಿ ಕೊಡುವುದಕ್ಕೆ ಇನ್ನೂ ಆರು ಸಾವಿರ. ಒಪ್ಪಿಸದಿದ್ದರೆ ಅದು ಬರೀ ಬಿಲ್ಲೆ. ಕಾರನ್ನು ಇದ್ದ ಹಾಗೇ ಗುಜರಿಗೆ ಹಾಕಿದ್ದರೆ ಇಪ್ಪತ್ತೈದು ಸಾವಿರ ಸಿಗುತ್ತಿತ್ತು. ಅಂದರೆ ಇಡೀ ಕಾರಿಗಿಂತ ಅದರೊಳಗಿನ ಬೆರಳಗಲದ ಒಂದು ತುಂಡಿಗೆ ಬೆಲೆ ಹೆಚ್ಚು. ಬುದ್ಧಿ ನೆಟ್ಟಗಿರುವ ಯಾರೂ ಇಂಥ ವ್ಯಾಪಾರಕ್ಕೆ ಇಳಿಯುವುದಿಲ್ಲ. ಪುಟ್ಟಮಣಿ ಇಳಿದಿದ್ದಳು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ.

ಮೈಸೂರಿನ ಶ್ರೀರಾಂಪುರದಲ್ಲಿ ಅವರ ಮನೆ. ಮುಂದೆ ಶೀಟಿನ ಚಪ್ಪರ, ಅದರ ಅಡಿ ಕಾರು. ನಾಲ್ಕು ವರ್ಷದಿಂದ ನಿಂತಲ್ಲೇ ನಿಂತು, ಗಾಳಿ ಹೋದ ಟೈರುಗಳ ಬದಲು ಈಗ ಇಟ್ಟಿಗೆಯ ಮೇಲೆ ಕೂತಿತ್ತು. ಮೋಟಾರನ್ನೂ ದೊಡ್ಡ ಬ್ಯಾಟರಿಯನ್ನೂ ಪುಟ್ಟಮಣಿ ಎಂದೋ ಬಿಚ್ಚಿಸಿ ಮಾರಿ, ಆ ದುಡ್ಡಿಗೆ ಇಡ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರು ತಂದಿದ್ದಳು. ಉಳಿದದ್ದು ಸೀಟು, ಡ್ಯಾಶ್‌ಬೋರ್ಡು, ಸ್ಪೀಕರು, ಅವಕ್ಕೆ ಮನೆಯಿಂದ ಎಳೆದ ಒಂದು ವೈರು. ಡ್ರೈವರ್ ಸೀಟಿನ ಪಕ್ಕದಲ್ಲಿ ಅಂಗೈಯಗಲದ ಕಪ್ಪು ಹಲಗೆ. ಅದೇ ಟಚ್‌ಪ್ಯಾಡು. ಅವಳ ಗಂಡ ಮಾದೇಶ ಮಾತಾಡುತ್ತಿದ್ದದ್ದು ಅದರ ಮೂಲಕ.

ಆ ಕಾಲದ ಕಾರುಗಳಲ್ಲಿ ಗುಂಡಿಗಳೇ ಇರಲಿಲ್ಲ. ಹೋಗುವ ಊರು, ಕೇಳುವ ಹಾಡು, ತಂಪು, ದೀಪ, ಟೋಲಿನ ದುಡ್ಡು, ಎಲ್ಲವನ್ನೂ ಹಲಗೆಯ ಮೇಲೆ ಬೆರಳಿನಿಂದ ಬರೆಯುವುದು, ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿದ ಹಾಗೆ. ಕೆಳಗಿನ ಕಂಟ್ರೋಲರ್ ಅದನ್ನು ಓದಿ, ಸ್ಪೀಕರಿನಲ್ಲಿ ಒಮ್ಮೆ ಹೇಳಿ ತೋರಿಸುತ್ತಿತ್ತು. ಒಬ್ಬೊಬ್ಬರ ಕೈ ಒಂದೊಂದು ಥರ. ಒಬ್ಬರು ಒತ್ತಿ ಬರೆದರೆ ಇನ್ನೊಬ್ಬರು ಸವರುತ್ತಾರೆ. ಒಬ್ಬರು ದೀರ್ಘ ಎಳೆಯುತ್ತಾರೆ, ಇನ್ನೊಬ್ಬರು ಕೊಂಬನ್ನೇ ನುಂಗುತ್ತಾರೆ. ಹಾಗಾಗಿ ಕಂಟ್ರೋಲರ್ ತನ್ನ ಮಾಲೀಕನ ಕೈಯನ್ನು ಕಲಿಯುತ್ತಾ ಹೋಗುತ್ತಿತ್ತು. ಮಾದೇಶ ಟೂರಿಸ್ಟ್ ಟ್ಯಾಕ್ಸಿಯವನು. ಅವನು ಎಂದೂ ನಂಜನಗೂಡು ಎಂದು ಪೂರ್ತಿ ಬರೆದವನಲ್ಲ. 'ನಂ' ಬರೆದು ಒಂದು ಬಾಲ ಎಳೆದರೆ ಕಾರಿಗೆ ತಿಳಿಯುತ್ತಿತ್ತು.

ಆಮೇಲೆ ನರ ಸೊರಗುವ ಕಾಯಿಲೆ ಬಂತು. ಮೊದಲು ನಾಲಿಗೆ ಹೋಯಿತು, ಆಮೇಲೆ ಕಾಲು, ಆಮೇಲೆ ಕೈ. ಗಂಜಿ, ಸಾರು ನುಂಗುವುದೊಂದು ಉಳಿಯಿತು. ಆಸ್ಪತ್ರೆಯವರು ಕಣ್ಣಿನಿಂದ ಬರೆಯುವ ಯಂತ್ರವನ್ನೂ ಹಾಕಿ ನೋಡಿದರು; ರೆಪ್ಪೆಯೇ ಎತ್ತಿ ನಿಲ್ಲದವನಿಗೆ ಅದರಿಂದ ಏನು ಪ್ರಯೋಜನ. ಆದರೆ ಕಾರಿನ ಹಲಗೆ ಕೈಬಿಡಲಿಲ್ಲ. ಅವನ ಬೆರಳಿನ ಬಲ ದಿನಕ್ಕೊಂದು ಕೂದಲೆಳೆಯಷ್ಟು ಕಡಿಮೆಯಾದರೆ, ಅದೂ ಅಷ್ಟೇ ಕಿವಿ ಹತ್ತಿರ ತಂದು ಆಲಿಸಿತು. ಎರಡೂ ಜೊತೆಗೇ ಮುದಿಯಾದವು. ಕೊನೆಗೆ ತೋರುಬೆರಳ ತುದಿಯಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಮಿಸುಕಾಟ ಮಾತ್ರ ಉಳಿಯಿತು. ಕಾರು ಅದನ್ನೇ ಅಕ್ಷರವೆಂದು ಓದುತ್ತಿತ್ತು. ರೋಗದ ನಡುಕ ಯಾವುದು, ಮಾದೇಶನ ಮಾತು ಯಾವುದು ಎಂದು ಬಿಡಿಸಿ ತಿಳಿಯುವುದು ಲೋಕದಲ್ಲಿ ಆ ಒಂದು ಚಿಪ್ಪಿಗೆ ಮಾತ್ರ ಗೊತ್ತಿತ್ತು.

ದನಿ ಮಾತ್ರ ಅವನದಲ್ಲ. ದಾರಿ ತೋರಿಸುವ ಹೆಂಗಸಿನದು. ಮುಂದೆ ವೃತ್ತವಿದೆ, ನಿಧಾನಿಸಿ ಎನ್ನುವ ಗಟ್ಟಿ ಮರ್ಯಾದೆಯ ದನಿ. ಬೆಳಗ್ಗೆ ಹಿಟ್ಟಿನ ವ್ಯಾಪಾರ ಮುಗಿಸಿ ಪುಟ್ಟಮಣಿ ಗಂಡನನ್ನು ಎತ್ತಿ ತಂದು ಸೀಟಿನಲ್ಲಿ ಒರಗಿಸಿ, ಅವನ ಬೆರಳನ್ನು ಹಲಗೆಯ ಮೇಲಿಟ್ಟರೆ ಆ ದನಿ ಶುರುವಾಗುತ್ತಿತ್ತು.

"ಮಣಿ, ನಿನ್ನೆ ಸಾರು ಯಾವ ಶತ್ರುವಿಗೆ ಅಂತ ಮಾಡಿದ್ದೆ?"

"ನನ್ನ ಸವತಿ ಇದಾಳಲ್ಲ ಒಳಗೆ, ಅವಳ ಕೈಲೇ ಮಾಡಿಸ್ಕೊಂಡು ಉಣ್ಣಿ."

"ಅವಳಿಗೆ ಕೈ ಇಲ್ಲ ಕಣೆ. ಬರೀ ಬಾಯಿ. ಥೇಟ್ ನಿನ್ನ ಹಾಗೇ."

ಹಿಟ್ಟು ತೊಗೊಳ್ಳಲು ಬಂದವರು ನಗುತ್ತಿದ್ದರು. ಬೈಗುಳವನ್ನೂ ಅಷ್ಟು ನಯವಾಗಿ ಹೇಳುವ ಗಂಡಸು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ದಸರೆ ಕಳೆದು ಹಿಂಗಾರು ಮಳೆ ಹಿಡಿದಾಗ ಸವತಿ ತೊದಲತೊಡಗಿದಳು. ಮೊದಲು ಒತ್ತಕ್ಷರ ಬಿಟ್ಟಳು. ಒಂದು ಬೆಳಗ್ಗೆ 'ಕ, ಕ, ಕ' ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಬಿಸಿಲೇರಿದ ಮೇಲೆ ಸರಿಹೋದಳು, ಸಂಜೆ ಮೋಡ ಕವಿದಾಗ ಮತ್ತೆ ಕೆಟ್ಟಳು. ಪುಟ್ಟಮಣಿ ಉದಯಗಿರಿಯ ಇನಾಯತ್‌ಗೆ ಹೇಳಿಕಳಿಸಿದಳು. ಟ್ಯಾಕ್ಸಿ ಓಡುತ್ತಿದ್ದ ಕಾಲದಿಂದ ಮಾದೇಶನ ಕಾರಿನ ಎಲೆಕ್ಟ್ರಿಕ್ ಕೆಲಸ ಅವನದೇ.

ಇನಾಯತ್ ಬಂದು, ಮಾದೇಶನಿಗೆ ಸಲಾಂ ಹೇಳಿ, ಹಲಗೆಯ ಸುತ್ತಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿದ. ಕೆಳಗಿನ ಹಸಿರು ಬೋರ್ಡನ್ನು ಬಿಸಿಲಿಗೆ ಹಿಡಿದು ನೋಡಿದ.

"ಏನಾಗಿದೆ ಇನಾಯತ್ತಣ್ಣ?"

"ತೇವ ಅಕ್ಕ. ಮಳೆಗಾಲ ಅಲ್ವಾ."

ಪುಟ್ಟಮಣಿ ಇಣುಕಿದಳು. ಬೋರ್ಡಿನ ಅಂಚಿಗೆ ಕೆಂಪು ಕಟ್ಟಿಕೊಂಡಿತ್ತು. ಕೂದಲಿನಂಥ ತಾಮ್ರದ ಗೆರೆಗಳ ನಡುವೆ ಅದೇ ಕೆಂಪು ಹರಿದು ಹೆಪ್ಪುಗಟ್ಟಿತ್ತು.

"ತೇವ ಕೆಂಪಗಿರುತ್ತಾ?"

ಅದು ಏನೆಂದು ಅವಳಿಗೇ ಗೊತ್ತಿತ್ತು. ಟ್ಯಾಕ್ಸಿ ಓಡುತ್ತಿದ್ದಾಗ ಆಯುಧಪೂಜೆಯ ದಿನ ಮಾದೇಶ ಸ್ಟೇರಿಂಗಿಗೆ ಗಂಧ ಕುಂಕುಮ ಇಡುತ್ತಿದ್ದ. ಅವನು ಮಲಗಿದ ಮೇಲೆ ಆ ಕೆಲಸ ಪುಟ್ಟಮಣಿಯದಾಯಿತು. ಓಡದ ಕಾರಿನ ಸ್ಟೇರಿಂಗಿಗೆ ಏನು ಪೂಜೆ? ಗಂಡನ ಬಾಯಿ ಇರುವುದು ಹಲಗೆಯಲ್ಲಿ. ಅದಕ್ಕೇ ಇಡಬೇಕು ಎಂದುಕೊಂಡಳು. ಗಂಧ ತೇಯ್ದು, ಕುಂಕುಮ ಕಲಸಿ, ಹಸಿಯಾಗಿಯೇ ಹಲಗೆಯ ನಾಲ್ಕೂ ಮೂಲೆಗೆ ಬೊಟ್ಟಿಟ್ಟಿದ್ದಳು. ವರ್ಷಕ್ಕೊಮ್ಮೆ ಸಾಲದೆಂದು ಶುಕ್ರವಾರಗಳಲ್ಲೂ ಇಟ್ಟಿದ್ದಳು. ಕುಂಕುಮವೆಂದರೆ ಅರಿಸಿನಕ್ಕೆ ಸುಣ್ಣ ಬೆರೆಸಿದ್ದು. ಸುಣ್ಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವದಲ್ಲಿ ಕರೆಂಟು ಗೆರೆಯಿಂದ ಗೆರೆಗೆ ಹಾರುತ್ತದೆ. ಹಾರಿದಷ್ಟೂ ತಾಮ್ರ ಕರಗುತ್ತದೆ. ಬೇರೆ ಯಾವ ಊರಿನ ಹೆಂಗಸಾಗಿದ್ದರೂ ಆ ಹಲಗೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದಳು. ಹಲಗೆ ಉಳಿಯುತ್ತಿತ್ತು.

ಇನಾಯತ್ ಬೋರ್ಡನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಕೂರಿಸಿದ. ಪುಟ್ಟಮಣಿ ಗಂಡನ ಬೆರಳನ್ನು ಅದರ ಮೇಲೆ ಎತ್ತಿಟ್ಟಳು.

"ನಾಲಿಗೆಗೆ ಕುಂಕುಮ ಇಟ್ಟವಳು ನೀನೊಬ್ಬಳೇ ಕಣೆ," ಎಂದಿತು ದನಿ, ಅಲ್ಲಲ್ಲಿ ಮುಗ್ಗರಿಸಿ. "ಕಾಳಿಗೂ ಯಾರೂ ಇಟ್ಟಿರಲಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

ಚಪ್ಪಲಿ ಹಾಕಿಕೊಳ್ಳುತ್ತಾ ಇನಾಯತ್ ಹೇಳಿದ: "ಅಕ್ಕ, ನಾನು ಓದಿದವನಲ್ಲ. ಹಳೇ ಗಾಡಿ ಓಡೋವಷ್ಟು ದಿನ ಓಡಿಸ್ಬೇಕು ಅನ್ನೋನು. ಹೊಸದು ಹಾಕಿಸ್ಲೇಬೇಕು ಅಂದ್ರೆ ಕಂಪನಿಗೆ ಹೋಗಿ ಕೇಳಿ ನೋಡು."

ಕಂಪನಿಯ ಸರ್ವೀಸ್ ಸೆಂಟರು ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಚಿಪ್ಪು ಒಪ್ಪಿಸುವ ಕೊಠಡಿಗೆ ಸುತ್ತಲೂ ಗಾಜು, ಒಳಗೆ ಹಿಮದಂಥ ತಂಪು. ಗೋಡೆಯ ದೊಡ್ಡ ಪರದೆಯಲ್ಲಿ ಊರಿನ ಕಾರುಗಳೆಲ್ಲ ಹಸಿರು ಚುಕ್ಕೆಗಳಾಗಿ ಹರಿದಾಡುತ್ತಿದ್ದವು. ಇಂದುಶ್ರೀ ಎಂಬ ಎಂಜಿನಿಯರ್ ಹುಡುಗಿ ಶ್ರೀರಾಂಪುರದ ಕಡೆ ಬೆರಳು ತೋರಿಸಿದಳು. ಅಲ್ಲೊಂದು ಚುಕ್ಕೆ ಅಲ್ಲಾಡದೆ ಹಳದಿಯಾಗಿ ಮಿಣುಕುತ್ತಿತ್ತು.

"ನಿಮ್ಮದೇ ಆಂಟಿ. ನಾಲ್ಕು ವರ್ಷದಿಂದ ಒಂದೇ ಜಾಗದಲ್ಲಿದೆ. ಯಾರೋ ಬಿಟ್ಟುಹೋದ ಕಾರು ಅಂದ್ಕೊಂಡಿದ್ವಿ."

"ಬಿಟ್ಟು ಹೋಗಿಲ್ಲ ಕಣವ್ವ, ಅದ್ರಲ್ಲೇ ಕೂತವ್ರೆ," ಎಂದಳು ಪುಟ್ಟಮಣಿ. ಎಲ್ಲವನ್ನೂ ಹೇಳಿದಳು, ಕುಂಕುಮವನ್ನೂ ಬಿಡದೆ. ಕೇಳುತ್ತಾ ಕೇಳುತ್ತಾ ಹುಡುಗಿ ತನ್ನ ಕಾಫಿ ಮರೆತಳು.

"ಹಳೇದ್ರಲ್ಲಿ ಇರೋದನ್ನ ಹೊಸದಕ್ಕೆ ಸುರಿದುಬಿಡು ಮಗಾ. ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಹಿಟ್ಟು ಬಗ್ಗಿಸಿದ ಹಾಗೆ."

"ಅದಕ್ಕೆ ಬಾಯೇ ಇಟ್ಟಿಲ್ಲ ಆಂಟಿ." ಇಂದುಶ್ರೀ ವಿವರಿಸಿದಳು. ಕೆಲವು ವರ್ಷಗಳ ಹಿಂದೆ ಕಳ್ಳರು ಚಿಪ್ಪಿನಿಂದ ಜನರ ಕೈಬರಹವನ್ನೇ ಕದ್ದು, ಕಾರು ಹೊಡೆದುಕೊಂಡು ಹೋಗಿ ಖಾತೆಗಳನ್ನು ಬರಿದು ಮಾಡಿದ್ದರು. ಅದಾದ ಮೇಲೆ ಕಾನೂನು ಬಂತು. ಒಬ್ಬನ ಕೈ ಒಂದು ಚಿಪ್ಪಿನೊಳಗೆ ಹೋದರೆ ಮತ್ತೆ ಹೊರಗೆ ಬರುವ ಹಾಗಿಲ್ಲ. ಚಿಪ್ಪಿನ ಜೊತೆ ಹುಟ್ಟಿ ಚಿಪ್ಪಿನ ಜೊತೆ ಸಾಯಬೇಕು.

"ಹಂಗಾದ್ರೆ ಹೊಸದೇ ಅವರ ಕೈ ಕಲೀಲಿ."

"ಹೊಸದು ಕಲಿಯೋಕೆ ಗಟ್ಟಿಯಾಗಿ ಒತ್ತಿ ಬರೀಬೇಕು. ಅಂಕಲ್‌ಗೆ ಆಗುತ್ತಾ?"

ಆಮೇಲೆ ಹುಡುಗಿ ತಡೆತಡೆದು ಒಂದು ದಾರಿ ಹೇಳಿದಳು. ಎರಡೂ ಚಿಪ್ಪುಗಳನ್ನು ಒಂದೇ ಹಲಗೆಗೆ ಜೋಡಿಸುವುದು. ಹಳೆಯದು ಗುರು, ಹೊಸದು ಶಿಷ್ಯ. ಕಾರಿನ ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಪಾಠ ಬರುತ್ತದೆ, ಅಂಕಲ್ ಅದನ್ನೇ ಬರೆಯಬೇಕು. ಹಳೆಯದು ಓದಿ ಹೇಳುತ್ತದೆ, ಹೊಸದು ಕೇಳಿಸಿಕೊಂಡು ಕಲಿಯುತ್ತದೆ. ಹಳೆಯದು ತಪ್ಪು ಓದುತ್ತಿರುವುದರಿಂದ ಪಾಠದಲ್ಲಿ ಇಲ್ಲದ ಒಂದು ಮಾತನ್ನೂ ಬರೆಯಕೂಡದು. ಬರೆದರೆ ಶಿಷ್ಯನೂ ಕೆಡುತ್ತಾನೆ.

"ಪಾಠದಲ್ಲಿ ಏನೇನಿದೆ?"

"ಮೊದಲು ಗಾಡಿಯ ಆಜ್ಞೆಗಳು. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ದೀಪ ಆರಿಸು, ಆ ಥರ. ಅದಾದ್ಮೇಲೆ ಅಕ್ಷರಮಾಲೆ. ಕೊನೆಗೆ ವಿರಾಮ, ಅಂದ್ರೆ ಸುಮ್ಮನಿರೋದು."

"ಇಟ್ಟಿಗೆ ಮೇಲೆ ಕೂತಿರೋ ಕಾರಿಗೆ ಎಡಕ್ಕೆ ತಿರುಗೋದು ಯಾಕವ್ವ? ನೇರ ಅಕ್ಷರಕ್ಕೇ ಹೋಗು."

"ಆ ಸಾಲು ಬದಲಾಯಿಸೋಕೆ ನಂಗೆ ಅಧಿಕಾರ ಇಲ್ಲ ಆಂಟಿ. ಬ್ರೇಕು ಗೊತ್ತಿಲ್ಲದ ಗಾಡಿ ರಸ್ತೆಗೆ ಇಳೀಬಾರದು ಅಂತ ಬೀಗ ಹಾಕಿದಾರೆ." ಅವಳು ತಗ್ಗಿದ ದನಿಯಲ್ಲಿ ಸೇರಿಸಿದಳು. "ಇನ್ನೊಂದು ವಿಷಯ. ಹಳೇ ಚಿಪ್ಪಿಗೆ ಇಷ್ಟೇ ದಿನ ಆಯಸ್ಸು ಅಂತ ಹೇಳಕ್ಕಾಗಲ್ಲ. ಒಂದೊಂದು ಅಕ್ಷರ ಬರೆದಾಗ್ಲೂ ಒಂಚೂರು ತಾಮ್ರ ಹೋಗುತ್ತೆ. ಅವರು ಸುಮ್ನೆ ಮಾತಾಡಿದ್ರೂ ಸವೆಯುತ್ತೆ, ಪಾಠ ಬರೆದ್ರೂ ಸವೆಯುತ್ತೆ. ಉಳಿದಿರೋದು ಪಾಠಕ್ಕೆ ಸಾಕಾಗಬಹುದು. ಸಾಕಾಗದೇನೂ ಇರಬಹುದು."

ಪುಟ್ಟಮಣಿ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಮಾದೇಶನದೂ ಒಂದು ತೀರ್ಮಾನವಿತ್ತು.

"ಬೇಡ ಮಣಿ," ಎಂದಿತು ದನಿ. "ಉಳಿದಿರೋದನ್ನ ಆಡಿ ಮುಗಿಸ್ತೀನಿ."

"ಆಮೇಲೆ?"

"ಆಮೇಲೆ ಸುಮ್ನಿರ್ತೀನಿ. ಎಲ್ಲರೂ ಒಂದು ದಿನ ಸುಮ್ನಾಗೋದೇ."

"ಇವತ್ತು ಇರೋದನ್ನೆಲ್ಲ ಉಂಡ್ಬಿಟ್ಟು ನಾಳೆ ಬರೀ ತಟ್ಟೆ ನೋಡೋದಾ? ನಾನೇನು ಹಂಗೆ ಸಂಸಾರ ಮಾಡಿದೀನಾ?"

ಮಾಡಿರಲಿಲ್ಲ, ನಿಜ. ಪುಟ್ಟಮಣಿ ಕೂಡಿಡುವ ಹೆಂಗಸು. ಅವಳ ಮನೆಯಲ್ಲಿ ಉಪ್ಪಿನಕಾಯಿ ಮೂರನೇ ವರ್ಷಕ್ಕೆ ಬಾಯಿ ಬಿಚ್ಚುತ್ತಿತ್ತು. ಆ ಗುಣದಿಂದಲೇ ಈ ಕಾಯಿಲೆಯ ಖರ್ಚನ್ನು ಯಾರ ಬಾಗಿಲಿಗೂ ಹೋಗದೆ ತೂಗಿಸಿದ್ದಳು. ಹಲಗೆ ಹೇಳಿತು:

"ನಾನು ತಂದ ಧಾರೆ ಸೀರೇನೂ ಹಿಂಗೇ ಎತ್ತಿಟ್ಟೆ. ಒಂದು ದಿನ ಉಡಲಿಲ್ಲ. ನುಸಿ ಉಟ್ಕೊಂಡ್ತು."

"ಅದು ಸೀರೆ ಕಣ್ರೀ. ಇದು ನಿಮ್ಮ ಮಾತು. ನಂಗೆ ಇನ್ನೂ ಹತ್ತು ವರ್ಷ ಬೈಸ್ಕೋಬೇಕು ನಿಮ್ಮ ಕೈಲಿ."

"ಆಯ್ತು," ಎಂದ. "ಕರೆಸು ಇನಾಯತ್ತನ್ನ."

ಇನಾಯತ್ ಬಂದು ಹೊಸ ಚಿಪ್ಪನ್ನು ಹಳೆಯದರ ಜೊತೆ ಜೋಡಿಸಿದ, ಪಾಠ ಶುರುವಾಯಿತು. ತೇವ ಕಡಿಮೆ ಇರುವ ಮಧ್ಯಾಹ್ನದ ಹೊತ್ತೇ ಆಗಬೇಕು. ಪುಟ್ಟಮಣಿ ಚಪ್ಪರದ ಎರಡು ಶೀಟು ತೆಗೆಸಿ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಬೀಳುವ ಹಾಗೆ ಮಾಡಿದಳು. ಗಂಡನ ತಲೆಗೆ ಟವೆಲ್ ಸುತ್ತಿದಳು. ಬೀದಿಯವರಿಗೆಲ್ಲ ಹೇಳಿಟ್ಟಳು: ಪಾಠ ಮುಗಿಯೋವರೆಗೆ ಯಾರೂ ಅವರನ್ನ ಮಾತಾಡಿಸಬೇಡಿ. ತಾನೂ ಮಾತಾಡಿಸಲಿಲ್ಲ. ಮಾತಾಡಿಸಿದರೆ ಅವನು ಉತ್ತರ ಕೊಡುತ್ತಾನೆ, ಉತ್ತರಕ್ಕೆ ತಾಮ್ರ ಹೋಗುತ್ತದೆ. ನಾಲ್ಕು ವರ್ಷ ದಿನಬೆಳಗಾದರೆ ಜಗಳವಾಡಿದ ಗಂಡ ಹೆಂಡತಿ ಮೂಕರಂತೆ ಎದುರುಬದುರು ಕೂತರು.

"ಎಡಕ್ಕೆ ತಿರುಗು," ಎಂದಿತು ದನಿ. "ಎಡಕ್ಕೆ ತಿರುಗು. ಬಲಕ್ಕೆ ತಿರುಗು. ವೇಗ ತಗ್ಗಿಸು. ಕಿಟಕಿ ಇಳಿಸು."

ಒಂದೊಂದು ಆಜ್ಞೆಯನ್ನೂ ಪರದೆ ಸಾಕೆನ್ನುವ ತನಕ ಬರೆಯಬೇಕು. ಮಾದೇಶನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ದಾರಿಹೋಕರಿಗೆ ಮೋಜು.

"ಏನ್ ಮಾದೇಶಣ್ಣ, ಎಲ್ಲಿಗೆ ಹೊರಟಿದೆ ಸವಾರಿ?" ಎಂದು ಎದುರು ಮನೆಯವನು ಕೂಗಿದರೆ ಪುಟ್ಟಮಣಿ ಕೈ ಎತ್ತಿ ಗದರಿಸುತ್ತಿದ್ದಳು.

ಅವಳೂ ಕೂತಲ್ಲೇ ಮನಸ್ಸಿನಲ್ಲಿ ಆ ದಾರಿ ಹಿಡಿದು ನೋಡಿದಳು. ಎಡಕ್ಕೆ, ಎಡಕ್ಕೆ, ನೇರ, ಮತ್ತೆ ಎಡಕ್ಕೆ. ಆ ಪಾಠದ ಪ್ರಕಾರ ಹೋದರೆ ಎಲ್ಲಿಗೂ ಮುಟ್ಟುವುದಿಲ್ಲ. ತಿರುಗಿ ತಿರುಗಿ ಹೊರಟಲ್ಲಿಗೇ ಬರುತ್ತದೆ.

ದಿನ ಕಳೆದ ಹಾಗೆ ಹಳೆಯ ಚಿಪ್ಪು ಬಿಸಿಲಿನಲ್ಲೂ ತೊದಲತೊಡಗಿತು. ಇಂದುಶ್ರೀ ತನ್ನ ಗಾಜಿನ ಕೊಠಡಿಯಿಂದಲೇ ನೋಡುತ್ತಿದ್ದು ಫೋನು ಮಾಡುತ್ತಿದ್ದಳು: "ಮೊದಲ ಹಂತ ಮುಗೀತಾ ಬಂತು ಆಂಟಿ. ಅಂಕಲ್‌ಗೆ ಹೇಳಿ, ಚೆನ್ನಾಗಿ ಬರೀತಿದಾರೆ."

ಅವತ್ತು ವೈಪರಿನ ಪಾಠ. "ವೈಪರ್ ನಿಲ್ಲಿಸು" ಎಂದು ಕೆಲವು ಸಲ ಆಗಿತ್ತು. ಪುಟ್ಟಮಣಿ ಪಕ್ಕದ ಸೀಟಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇದ್ದಕ್ಕಿದ್ದಂತೆ ದನಿ ಪಾಠ ಬಿಟ್ಟು ಬೇರೆ ಕಡೆ ಹೊರಳಿತು.

"ಮಣಿ, ಅವತ್ತು ಕಪಿಲೆ ದಡದಲ್ಲಿ ನಾನು..."

ಪರದೆ ಕೆಂಪಾಯಿತು. 'ಪಾಠದಲ್ಲಿಲ್ಲ. ಅಳಿಸಿ ಮತ್ತೆ ಬರೆಯಿರಿ.'

"ರೀ! ಪಾಠ ಕೆಡುತ್ತೆ!" ಅವಳು ಅವರೆಕಾಯಿ ಚೆಲ್ಲಿ ಎದ್ದಳು. "ಇನ್ನೆರಡು ದಿನಕ್ಕೆ ಅಕ್ಷರಮಾಲೆ ಬರುತ್ತೆ. ಅದು ಮುಗೀಲಿ, ಆಮೇಲೆ ಕಪಿಲೆ ದಡ, ಕಾವೇರಿ ದಡ, ಎಷ್ಟು ಬೇಕೋ ಅಷ್ಟು ಹೇಳೀರಂತೆ."

ಅವಳೇ ಕೈ ಚಾಚಿ ಪರದೆಯ ಮೇಲಿನ 'ಅಳಿಸು' ಒತ್ತಿದಳು. ಮಾದೇಶನ ಅರೆತೆರೆದ ಕಣ್ಣು ಅವಳ ಮೇಲಿತ್ತು.

"ವೈಪರ್ ನಿಲ್ಲಿಸು," ಎಂದಿತು ದನಿ.

ಅಕ್ಷರಮಾಲೆ ಬಂದ ದಿನ ಪುಟ್ಟಮಣಿ ಹೊಸ ಸೀರೆ ಉಟ್ಟು ಕೂತಳು. ಪರದೆಯಲ್ಲಿ ದೊಡ್ಡದಾಗಿ 'ಅ' ಮೂಡಿತು. "ಅ," ಎಂದಿತು ದನಿ. "ಅ." ಮೂರನೆಯ ಸಲ ಅದು ಬಾಯಿ ತೆರೆದಂತಾಯಿತು, ಸ್ಪೀಕರು ಗರಗರ ಎಂದಿತು, ನಿಂತಿತು. ಹಲಗೆಯ ಅಂಚಿನಿಂದ ಸಣ್ಣಗೆ ಸುಟ್ಟ ವಾಸನೆ ಬಂತು. ಅವಳು ಬೆರಳನ್ನು ಎತ್ತಿ ಎತ್ತಿ ಇಟ್ಟಳು. ಬಿಸಿಲು ಇಳಿಯುವ ತನಕ ಇಟ್ಟಳು.

ಮರುದಿನ ಗಾಜಿನ ಕೊಠಡಿಗೆ ಹೋದಾಗ ಶ್ರೀರಾಂಪುರದ ಹಳದಿ ಚುಕ್ಕೆ ಆರಿತ್ತು.

"ಗಾಡಿಯ ಆಜ್ಞೆ ಎಲ್ಲ ಕಲಿತಿದೆ ಆಂಟಿ," ಎಂದಳು ಇಂದುಶ್ರೀ, ಕಣ್ಣು ಎತ್ತದೆ. "ಅಕ್ಷರ ಬಂದಿಲ್ಲ. ಎರಡು ಸಲ ಕೇಳಿದ್ದನ್ನ ಅದು ಇಟ್ಕೊಳಲ್ಲ."

"ಅಳಿಸಿದ್ದೊಂದು ಸಾಲಿತ್ತು. ಅದು ಎಲ್ಲಾದ್ರೂ ಉಳಿದಿದೆಯಾ?"

"ಅಳಿಸಿದ್ದು ಉಳಿಯಲ್ಲ. ಉಳಿದಿದ್ರೂ ಅವರು ಬರೆದಷ್ಟೇ ಇರ್ತಿತ್ತು."

ಸತ್ತ ಚಿಪ್ಪನ್ನು ಇನಾಯತ್ ಬಿಚ್ಚಿ ಹೊಸದೊಂದನ್ನೇ ಹಲಗೆಗೆ ಕೂರಿಸಿದ. ಕೂಲಿ ತೊಗೊಳ್ಳಲಿಲ್ಲ. ಅವನು ಚಹಾ ಕುಡಿಯುತ್ತಿರುವಾಗಲೇ ಕಾರಿನೊಳಗಿನಿಂದ ಸವತಿಯ ದನಿ ಬಂತು, ಒಂದು ಕಡೆಯೂ ತೊದಲದೆ: "ಎಡಕ್ಕೆ ತಿರುಗು."

ಪುಟ್ಟಮಣಿ ಲೋಟ ಬಿಟ್ಟು ಓಡಿದಳು. ಅಷ್ಟರಲ್ಲಾಗಲೇ ಅವಳ ತಲೆ ಓಡಿತ್ತು. ಕೈಗೆ ಏನು ಸಿಕ್ಕರೂ ಅದರಲ್ಲೊಂದು ಅಡಿಗೆ ಮಾಡುವ ಹೆಂಗಸು ಅವಳು.

"ರೀ, ಕೇಳಿಸ್ತಾ? ಹೌದು ಅನ್ನೋದಾದ್ರೆ ಎಡಕ್ಕೆ ಅನ್ನಿ. ಇಲ್ಲ ಅನ್ನೋದಾದ್ರೆ ಬಲಕ್ಕೆ ಅನ್ನಿ. ಗೊತ್ತಾಯ್ತಾ?"

"ಎಡಕ್ಕೆ ತಿರುಗು."

ಇನಾಯತ್ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ.

ಆ ಕೆಲವು ದಿನ ಆ ಮನೆಯಲ್ಲಿ ಹಬ್ಬ. ಹಸಿವಾಯ್ತಾ? ಎಡ. ಸಾರು ಚೆನ್ನಾಗಿದೆಯಾ? ಬಲ. "ನೋಡಿ, ನೋಡಿ, ಇನ್ನೂ ಹಳೇ ಚಾಳಿ ಬಿಟ್ಟಿಲ್ಲ!" ಎಂದು ಅವಳು ಹಿಟ್ಟಿಗೆ ಬಂದವರ ಮುಂದೆ ಹೇಳಿಕೊಂಡಳು. ನಡುನಡುವೆ ಕಿಟಕಿ ಇಳಿಸು, ದೀಪ ಆರಿಸು ಎಂದೂ ಬರುತ್ತಿತ್ತು. ತಮಾಷೆಗೆ ಎಂದುಕೊಂಡು ಅವಳು ಕಿಟಕಿಯನ್ನೂ ಇಳಿಸುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ ಕೇಳಿದಳು. ಕಪಿಲೆ ದಡಕ್ಕೆ ಅವರು ಹೋದದ್ದು ಒಂದು ಸಲವಲ್ಲ. ಮದುವೆಯಾದ ಹೊಸದರಲ್ಲಿ ಹೋಗಿದ್ದರು. ಹುಟ್ಟಿದ ಮಗು ಉಳಿಯದೆ ಹೋದಾಗ ಹೋಗಿದ್ದರು. ದೊಡ್ಡ ಜಗಳವಾಗಿ, ಅವಳು ತವರಿಗೆ ಹೊರಟು, ಅವನು ಟ್ಯಾಕ್ಸಿಯಲ್ಲಿ ಹಿಂದೆಯೇ ಬಂದು ಮೆಟ್ಟಿಲ ಮೇಲೆ ಮಾತಿಲ್ಲದೆ ಕೂತದ್ದೂ ಅಲ್ಲೇ.

"ಮದುವೆ ಆದಾಗಿನ ಮಾತಾ?"

"ಬಲಕ್ಕೆ ತಿರುಗು."

"ಮಗುವಿಂದಾ?"

"ಬಲಕ್ಕೆ ತಿರುಗು."

"ಜಗಳದ ದಿನದ್ದಾ?"

"ಎಡಕ್ಕೆ ತಿರುಗು."

"ನಂಗೂ ಅದೇ ಅನ್ನಿಸ್ತು ಕಣ್ರೀ. ಅವತ್ತು ನೀವು ತಪ್ಪಾಯ್ತು ಅನ್ನೋಕೆ ಬಂದಿದ್ರಿ, ಅಲ್ವಾ?"

"ಎಡಕ್ಕೆ ತಿರುಗು."

ಅವಳು ಅವನ ಕೈ ಹಿಡಿದು ಬಹಳ ಹೊತ್ತು ಕೂತಳು. ಆ ವಾರ ಅವಳ ಹಿಟ್ಟು ಎಂದಿಗಿಂತ ಚೆನ್ನಾಗಿ ಹುದುಗಿತೆಂದು ಗಿರಾಕಿಗಳು ಹೇಳಿದರು.

ಆಮೇಲೊಂದು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಬಂದು, ಕಾರಿನ ಹಿಂದಿನಿಂದಲೇ ಕೇಳಿದಳು: "ರೀ, ಬಿಸಿ ಇರಲಾ, ಆರಿಸಲಾ? ಬಿಸಿ ಬೇಕಾ?"

"ಎಡಕ್ಕೆ ತಿರುಗು."

ಮುಂದೆ ಬಂದು ನೋಡಿದಳು. ಮಾದೇಶ ನಿದ್ದೆಯಲ್ಲಿದ್ದ. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣ ಗೊರಕೆ. ಹಲಗೆಯ ಮೇಲಿನ ಬೆರಳು ರೋಗದ ನಡುಕದಲ್ಲಿ ತನ್ನ ಪಾಡಿಗೆ ಮಿಸುಕುತ್ತಿತ್ತು.

ಅವಳು ಬಟ್ಟಲನ್ನು ಬಾನೆಟ್ಟಿನ ಮೇಲಿಟ್ಟಳು. ದನಿ ತಗ್ಗಿಸಿ, ಅವನಿಗೆ ಎಚ್ಚರವಾಗದ ಹಾಗೆ ಕೇಳಿದಳು: "ನೀವು ಮಲಗಿದೀರಾ?"

"ಎಡಕ್ಕೆ ತಿರುಗು."

"ಎದ್ದಿದೀರಾ?"

"ಎಡಕ್ಕೆ ತಿರುಗು," ಎಂದಿತು ದನಿ. ಅವಳು ಇನ್ನೇನೂ ಕೇಳದಿದ್ದರೂ ಸ್ವಲ್ಪ ಹೊತ್ತಿಗೆ ಮತ್ತೆ ಹೇಳಿತು: "ದೀಪ ಆರಿಸು. ಬಲಕ್ಕೆ ತಿರುಗು."

ಫೋನಿನಲ್ಲಿ ಇಂದುಶ್ರೀ ಅತ್ತಳು. "ಸುಮ್ಮನಿರೋದನ್ನ ಅದು ಕಲಿತೇ ಇಲ್ಲ ಆಂಟಿ. ಅದು ಕೊನೇ ಪಾಠ. ಬೆರಳು ಹೇಗೆ ಅಲ್ಲಾಡಿದ್ರೂ ತನಗೆ ಗೊತ್ತಿರೋ ಯಾವುದೋ ಒಂದು ಆಜ್ಞೆ ಅಂದ್ಕೊಳುತ್ತೆ. ನಾನು ಮೊದಲೇ ಹೇಳ್ಬೇಕಿತ್ತು. ನೀವು ಖುಷಿಯಾಗಿದೀರಿ ಅ​ಂತ ಇನಾಯತ್ ಹೇಳಿದ್ರು. ಬಾಯಿ ಬರಲಿಲ್ಲ."

"ನೀನೇನು ಮಾಡ್ತೀಯ ಮಗಾ," ಎಂದಳು ಪುಟ್ಟಮಣಿ. "ಇಡು."

ಮುಂದಿನ ವರ್ಷದ ಆಯುಧಪೂಜೆಗೆ ಅವಳು ಗ್ರೈಂಡರಿಗೆ ಕುಂಕುಮ ಇಟ್ಟಳು. ಕಾರಿಗೆ ಇಡಲಿಲ್ಲ. ಮನೆಯಿಂದ ಎಳೆದ ವೈರನ್ನು ಮಾತ್ರ ಕೀಳಲಿಲ್ಲ. ಹೇಳಿದ ನೂರರಲ್ಲಿ ಒಂದಾದರೂ ಅವನದೇ ಇದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಯಾವುದು ಎಂದು ತಿಳಿಯುವ ದಾರಿ ಇರಲಿಲ್ಲ. ಬೆಳಗ್ಗೆ ವ್ಯಾಪಾರ ಮುಗಿಸಿ ಅವನನ್ನು ಎತ್ತಿ ತಂದು ಕೂರಿಸುತ್ತಿದ್ದಳು. ಎಡಕ್ಕೆ ತಿರುಗು ಎಂದರೆ ಹೂಂ ಎನ್ನುತ್ತಿದ್ದಳು.

ಖರ್ಚಾದದ್ದು ನಲವತ್ತನಾಲ್ಕು ಸಾವಿರ. ಇನಾಯತ್ ಕೂಲಿ ಬಿಟ್ಟಿದ್ದ. ಅದನ್ನು ಹಿಟ್ಟು ಮಾರಿ ಮತ್ತೆ ಕೂಡಿಸಿದಳು. ಸಿಕ್ಕಿದ್ದು, ಓಡದ ಕಾರಿಗೆ ಒಂದಿಷ್ಟು ಆಜ್ಞೆ. ಹೋದದ್ದು, ಮಾದೇಶ ಆಡಿ ಮುಗಿಸುತ್ತೇನೆಂದ ಮಾತು. ಅಷ್ಟು ಮಾತಿಗೆ ಆ ಹಳೆಯ ಚಿಪ್ಪಿನಲ್ಲಿ ತಾಮ್ರ ಇತ್ತು.